ರೌಟರ್‌ಗೆ ಓಪನ್‌ಡಬ್ಲ್ಯುಆರ್‌ಟಿ ಹಾಕಬಹುದೇ?

ಪ್ರಶ್ನೆ: ನಮ್ಮದು ಶಿರಸಿ ಸಮೀಪದ ಒಂದು ಹಳ್ಳಿ. ಮನೆಗೆ ಫೈಬರ್ ಸಂಪರ್ಕವಿದೆ. ಸಂಪರ್ಕದವರು ಕೊಟ್ಟ ಫೈಬರ್ ಮೋಡೆಮ್‌ಗೆ ನಾವೇ ಕೊಂಡ ಟಿಪಿ-ಲಿಂಕ್ ಆರ್ಚರ್ ಸಿ6 ರೌಟರ್ ಜೋಡಿಸಿದ್ದೇವೆ. ಮಗಳು ಮನೆಯಿಂದಲೇ ಕೆಲಸ ಮಾಡುತ್ತಾಳೆ. ಮನೆಯಲ್ಲಿ ಯಾರದಾದರೂ ಫೋನು ಫೋಟೊ, ವಿಡಿಯೊಗಳನ್ನು ಬ್ಯಾಕಪ್ ಮಾಡಲು ಶುರುಮಾಡಿತೆಂದರೆ ಅವಳ ವಿಡಿಯೊ ಮೀಟಿಂಗ್ ತಡವರಿಸುತ್ತದೆ. ರೌಟರ್‌ನ ಮೂಲ ತಂತ್ರಾಂಶವನ್ನು ತೆಗೆದು ಓಪನ್‌ಡಬ್ಲ್ಯುಆರ್‌ಟಿ ಎಂಬ ಮುಕ್ತ ತಂತ್ರಾಂಶ ಹಾಕಿದರೆ ಈ ತೊಂದರೆ ಹೋಗುತ್ತದೆ, ಸುರಕ್ಷತೆಯೂ ಹೆಚ್ಚುತ್ತದೆ ಎಂದು ಅವಳ ಸಹೋದ್ಯೋಗಿಯೊಬ್ಬರು ಹೇಳಿದ್ದಾರೆ. ಹಾಕಬಹುದೇ? ಹಾಕುವಾಗ ರೌಟರ್ ಕೆಟ್ಟುಹೋದರೆ ಏನು ಮಾಡುವುದು? ಮೋಡೆಮ್‌ನಲ್ಲೂ ಬದಲಾಯಿಸಬೇಕೇ?

ಉತ್ತರ: ಹಾಕಬಹುದು, ಆದರೆ ಎರಡು ಷರತ್ತುಗಳಿವೆ. ನಿಮ್ಮ ರೌಟರ್‌ನ ತಳದ ಲೇಬಲ್ಲಿನಲ್ಲಿರುವ ವರ್ಷನ್ ಸಂಖ್ಯೆಗೆ ಓಪನ್‌ಡಬ್ಲ್ಯುಆರ್‌ಟಿಯ ಬೆಂಬಲ ಇರಬೇಕು. ಹಾಗೆಯೇ, ಎಡವಟ್ಟಾದರೆ ರೌಟರನ್ನು ಮತ್ತೆ ಎಬ್ಬಿಸುವ ದಾರಿ ಯಾವುದೆಂಬುದನ್ನು ಕೆಲಸಕ್ಕೆ ಕೈಹಾಕುವ ಮೊದಲೇ ನೀವು ತಿಳಿದಿರಬೇಕು. ಈ ಎರಡೂ ಸರಿಯಿದ್ದರೆ ಭಯಪಡಬೇಕಾಗಿಲ್ಲ. ಇವುಗಳಲ್ಲಿ ಒಂದು ತಪ್ಪಿದರೂ ಇರುವ ತಂತ್ರಾಂಶದಲ್ಲೇ ಮುಂದುವರಿಯುವುದು ಮೇಲು. ನಿಮ್ಮ ಮಗಳ ಮೀಟಿಂಗ್ ತಡವರಿಸುವುದಕ್ಕೆ ನೀವು ವಿವರಿಸಿರುವುದೇ ಕಾರಣವಾಗಿದ್ದರೆ, ಓಪನ್‌ಡಬ್ಲ್ಯುಆರ್‌ಟಿಯಲ್ಲಿ ಅದಕ್ಕೆ ನಿಜವಾದ ಪರಿಹಾರವಿದೆ.

ಮೋಡೆಮ್‌ನ ವಿಷಯವನ್ನು ಮೊದಲು ಮುಗಿಸುತ್ತೇನೆ. ಅದನ್ನು ಮುಟ್ಟಬೇಡಿ. ಒಎನ್‌ಟಿ ಎಂದು ಕರೆಯುವ ಆ ಪೆಟ್ಟಿಗೆ ನೋಡಲು ರೌಟರ್‌ನಂತೆಯೇ ಇದ್ದರೂ ಅದರ ಮುಖ್ಯ ಕೆಲಸ ಬೆಳಕಿನ ಸಂಕೇತವನ್ನು ವಿದ್ಯುತ್ ಸಂಕೇತವಾಗಿ ಬದಲಿಸುವುದು ಮತ್ತು ತನ್ನ ಸೀರಿಯಲ್ ಸಂಖ್ಯೆಯ ಮೂಲಕ ಸಂಪರ್ಕ ಸಂಸ್ಥೆಯ ಯಂತ್ರಕ್ಕೆ ಗುರುತು ಹೇಳಿಕೊಳ್ಳುವುದು. ಆ ಗುರುತು ಅಳಿದರೆ ಸಂಪರ್ಕವೇ ಕಡಿದುಹೋಗುತ್ತದೆ. ಅದಕ್ಕೆ ಲ್ಯಾಂಡ್‌ಲೈನ್ ಫೋನನ್ನೂ ಜೋಡಿಸಿದ್ದರೆ ಅದೂ ನಿಲ್ಲುತ್ತದೆ. ಮೇಲಾಗಿ ಅದು ಸಾಮಾನ್ಯವಾಗಿ ಸಂಸ್ಥೆಯ ಸ್ವತ್ತು. ಅದರ ಮಟ್ಟಿಗೆ ನೀವು ಕೇಳಬೇಕಾದದ್ದು ಇಷ್ಟೇ: ಅದನ್ನು ಬ್ರಿಡ್ಜ್ ಮೋಡ್‌ಗೆ (ಮೋಡೆಮ್ ಸಂಕೇತವನ್ನಷ್ಟೇ ದಾಟಿಸಿ, ಲಾಗಿನ್ ಕೆಲಸವನ್ನು ರೌಟರ್‌ಗೆ ಬಿಡುವ ವಿಧಾನ) ಹಾಕಿಕೊಡುವಿರಾ, ಹಾಕಿದ ಮೇಲೆ ಲಾಗಿನ್ ಮಾಡುವ ಯೂಸರ್‌ನೇಮ್, ಪಾಸ್‌ವರ್ಡ್ ಮತ್ತು ವಿಲ್ಯಾನ್ ಸಂಖ್ಯೆ (ಸಂಸ್ಥೆಯ ಜಾಲದಲ್ಲಿ ನಿಮ್ಮ ಸಂಪರ್ಕ ಸಾಗುವ ಹಾದಿಯ ಗುರುತು) ಯಾವುವು ಎಂದು. ಫೈಬರ್ ಎಳೆದುಕೊಟ್ಟ ಸ್ಥಳೀಯ ಪಾಲುದಾರರ ಬಳಿ ಈ ಮಾಹಿತಿ ಇರುತ್ತದೆ. ಬ್ರಿಡ್ಜ್ ಮೋಡ್‌ಗೆ ಅವರು ಒಪ್ಪದಿದ್ದರೂ ಕೆಲಸ ನಿಲ್ಲುವುದಿಲ್ಲ. ಅದಕ್ಕೆ ಬೇಕಾದ ಸಣ್ಣ ಹೊಂದಾಣಿಕೆಯನ್ನು ಮುಂದೆ ಹೇಳಿದ್ದೇನೆ.

ಈಗ ಲೇಬಲ್ಲಿಗೆ ಬರೋಣ. ಈ ಕೆಲಸದಲ್ಲಿ ಹೆಚ್ಚಿನವರು ಎಡವುವುದು ಇಲ್ಲೇ. ಆರ್ಚರ್ ಸಿ6 ಎಂಬ ಹೆಸರು ಒಂದೇ ಆದರೂ ಆ ಹೆಸರಿನಲ್ಲಿ ಮಾರುಕಟ್ಟೆಗೆ ಬಂದ ಯಂತ್ರಗಳು ಒಳಗೆ ಬೇರೆ ಬೇರೆಯಾಗಿವೆ. ಎರಡನೇ ವರ್ಷನ್ನಿನಲ್ಲಿ ಕ್ವಾಲ್‌ಕಾಮ್ ಸಂಸ್ಥೆಯ ಕ್ಯೂಸಿಎ9563 ಎಂಬ ಒಂದೇ ಕೋರಿನ ಚಿಪ್ ಇದೆ. ಮೂರನೆಯದರಲ್ಲಿ ಮೀಡಿಯಾಟೆಕ್ ಸಂಸ್ಥೆಯ ಎಂಟಿ7621 ಎಂಬ ಎರಡು ಕೋರಿನ ಚಿಪ್ ಮತ್ತು ತಂತ್ರಾಂಶ ಉಳಿಸಿಡುವ 16 ಎಂಬಿ ಫ್ಲ್ಯಾಶ್ ಮೆಮೊರಿ ಇವೆ. ಎರಡನೇ ವರ್ಷನ್ನಿನಲ್ಲೇ ಯುರೋಪಿಗೆ ಹೋದದ್ದರಲ್ಲಿ 8 ಎಂಬಿ ಫ್ಲ್ಯಾಶ್, ಅಮೆರಿಕಕ್ಕೆ ಹೋದದ್ದರಲ್ಲಿ 16 ಎಂಬಿ. ಆದ್ದರಿಂದ ಒಂದಕ್ಕೆಂದು ಸಿದ್ಧಪಡಿಸಿದ ಫೈಲನ್ನು ಇನ್ನೊಂದಕ್ಕೆ ಬಲವಂತವಾಗಿ ಹಾಕಿದರೆ ರೌಟರ್ ಏಳುವುದಿಲ್ಲ. ಡಬ್ಬಿಯ ಮೇಲಿನ ಬರಹವನ್ನೋ ಆನ್‌ಲೈನ್ ಅಂಗಡಿಯ ಬಿಲ್ಲನ್ನೋ ನಂಬಬೇಡಿ. ರೌಟರನ್ನು ಮಗುಚಿ ಮಾಡೆಲ್ ಹೆಸರು, ಆವರಣದಲ್ಲಿರುವ ದೇಶದ ಅಕ್ಷರಗಳು, ವರ್ಷನ್ ಸಂಖ್ಯೆ, ಈ ಮೂರನ್ನೂ ಬರೆದುಕೊಳ್ಳಿ ಅಥವಾ ಫೋನಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ. ವರ್ಷನ್ ಸಂಖ್ಯೆಯಲ್ಲಿ ಚುಕ್ಕಿಯ ನಂತರದ ಅಂಕಿಗಳೂ ಮುಖ್ಯ, 3.0 ಎಂಬುದು 3.20ಕ್ಕೆ ಸಮವೆಂದು ಊಹಿಸಬೇಡಿ.

ಓಪನ್‌ಡಬ್ಲ್ಯುಆರ್‌ಟಿಯ ಅಧಿಕೃತ ಜಾಲತಾಣದಲ್ಲಿ ಬೆಂಬಲಿತ ಯಂತ್ರಗಳ ದೊಡ್ಡ ಕೋಷ್ಟಕವಿದೆ. ಯಂತ್ರದ ಹೆಸರು ಟೈಪ್ ಮಾಡಿದರೆ ಸರಿಯಾದ ಫೈಲನ್ನು ಕೊಡುವ ಫರ್ಮ್‌ವೇರ್ ಸೆಲೆಕ್ಟರ್ ಎಂಬ ಪುಟವೂ ಇದೆ (ಫರ್ಮ್‌ವೇರ್ ಎಂದರೆ ಯಂತ್ರದೊಳಗೇ ಬರೆದಿರುವ ತಂತ್ರಾಂಶ). ನಿಮ್ಮ ವರ್ಷನ್ ಅಲ್ಲಿ ಕಾಣದಿದ್ದರೆ ಹತ್ತಿರದ ಇನ್ನೊಂದು ವರ್ಷನ್ನಿನ ಫೈಲನ್ನು ಪ್ರಯತ್ನಿಸಿ ನೋಡುವುದು ಬೇಡ. ಫ್ಲ್ಯಾಶ್ ಮತ್ತು ರ‍್ಯಾಮ್ ಗಾತ್ರವನ್ನೂ ಗಮನಿಸಿ. 4 ಎಂಬಿ ಫ್ಲ್ಯಾಶ್, 32 ಎಂಬಿ ರ‍್ಯಾಮ್ ಇರುವ ಹಳೆಯ ಅಗ್ಗದ ರೌಟರ್‌ಗಳಿಗೆ 19.07 ಸರಣಿಯೇ ಕೊನೆ. ಅದರ ಬೆಂಬಲವೂ 2022ರಲ್ಲಿ ಮುಗಿಯಿತು. 8 ಎಂಬಿಯಲ್ಲಿ ಮೂಲ ವ್ಯವಸ್ಥೆ ಹಿಡಿಸುತ್ತದೆ, ಆದರೆ ಹೆಚ್ಚುವರಿ ಪ್ಯಾಕೇಜುಗಳಿಗೆ ಜಾಗ ಸಾಲದು. 16 ಎಂಬಿ ಫ್ಲ್ಯಾಶ್, 128 ಎಂಬಿ ರ‍್ಯಾಮ್ ಇದ್ದರೆ ನಿಮ್ಮ ಉದ್ದೇಶಕ್ಕೆ ಧಾರಾಳ. ಚಿಪ್ ಯಾರದ್ದು ಎಂಬುದೂ ಮುಖ್ಯವಾಗುತ್ತದೆ. ಮೀಡಿಯಾಟೆಕ್‌ನ ವೈಫೈ ಚಿಪ್‌ಗಳಿಗೂ ಕ್ವಾಲ್‌ಕಾಮ್ ಏಥೆರಾಸ್‌ನ ಹಳೆಯ ಪೀಳಿಗೆಯವಕ್ಕೂ ಒಳ್ಳೆಯ ಮುಕ್ತ ಡ್ರೈವರ್‌ಗಳು, ಅಂದರೆ ಚಿಪ್ ನಡೆಸುವ ತಂತ್ರಾಂಶಗಳು, ಇವೆ. ಬ್ರಾಡ್‌ಕಾಮ್ ಚಿಪ್ ಇರುವ ರೌಟರ್‌ಗಳಲ್ಲಿ ವೈಫೈ ಬಹುಮಟ್ಟಿಗೆ ಸರಿಯಾಗಿ ನಡೆಯುವುದಿಲ್ಲ; ಅಂಥವಕ್ಕೆ ಡಿಡಿ-ಡಬ್ಲ್ಯುಆರ್‌ಟಿ ಅಥವಾ ಫ್ರೆಶ್‌ಟೊಮ್ಯಾಟೊ ಎಂಬ ಇದೇ ಬಗೆಯ ಬೇರೆ ತಂತ್ರಾಂಶಗಳು ಹೆಚ್ಚು ಹೊಂದುತ್ತವೆ.

ಸುರಕ್ಷತೆ ಹೆಚ್ಚುತ್ತದೆ ಎಂಬ ಮಾತು ನಿಜ, ಆದರೆ ಅದು ಹೇಗೆ ಎಂಬುದನ್ನು ಅರಿತಿರಬೇಕು. ಮನೆಯಲ್ಲಿ ಹಗಲೂ ರಾತ್ರಿ ಓಡುವ, ಹೊರಜಗತ್ತಿಗೆ ನೇರವಾಗಿ ಮುಖಮಾಡಿ ನಿಂತಿರುವ ಕಂಪ್ಯೂಟರ್ ರೌಟರ್ ಒಂದೇ. ಫೋನು ತಾನಾಗಿ ಅಪ್‌ಡೇಟ್ ಕೇಳುತ್ತದೆ, ಲ್ಯಾಪ್‌ಟಾಪ್ ಕೇಳುತ್ತದೆ. ರೌಟರನ್ನು ಮಾತ್ರ ಕೊಂಡ ದಿನದಿಂದ ಯಾರೂ ತೆರೆದು ನೋಡಿರುವುದಿಲ್ಲ. 2018ರ ಮೇ ತಿಂಗಳಲ್ಲಿ ಬಯಲಾದ ವಿಪಿಎನ್‌ಫಿಲ್ಟರ್ ಎಂಬ ದುಷ್ಟ ತಂತ್ರಾಂಶ 54 ದೇಶಗಳಲ್ಲಿ ಕನಿಷ್ಠ 5 ಲಕ್ಷ ರೌಟರ್ ಮತ್ತು ಸ್ಟೋರೇಜ್ ಪೆಟ್ಟಿಗೆಗಳ ಒಳಹೊಕ್ಕಿತ್ತು. ಅದರ ಬಲಿಗಳಲ್ಲಿ ಹಲವು, ಹಳೆಯ ದೋಷಗಳನ್ನು ಸರಿಪಡಿಸದೆ ಬಿಟ್ಟಿದ್ದ ಅಥವಾ ಕಾರ್ಖಾನೆಯ ಪಾಸ್‌ವರ್ಡನ್ನೇ ಉಳಿಸಿಕೊಂಡಿದ್ದ ಯಂತ್ರಗಳು. ಕಡಿಮೆ ಬೆಲೆಯ ರೌಟರ್‌ಗಳನ್ನು ತಯಾರಿಸುವ ಸಂಸ್ಥೆಗಳು ಸಾಮಾನ್ಯವಾಗಿ ಕೆಲವೇ ವರ್ಷ ಅಪ್‌ಡೇಟ್ ಕೊಟ್ಟು ಮುಂದಿನ ಮಾಡೆಲ್ಲಿಗೆ ಹೋಗಿಬಿಡುತ್ತವೆ, ಆದರೆ ಯಂತ್ರ ಮಾತ್ರ ಹತ್ತು ವರ್ಷ ಬಾಳುತ್ತದೆ. ಓಪನ್‌ಡಬ್ಲ್ಯುಆರ್‌ಟಿಯ ದೊಡ್ಡ ಉಪಯೋಗ ಈ ಅಂತರವನ್ನು ತುಂಬುವುದು. ಅದರ 24.10 ಸರಣಿಯಲ್ಲಿ ಲಿನಕ್ಸ್ ಎಂಬ ಮುಕ್ತ ಕಾರ್ಯಾಚರಣಾ ವ್ಯವಸ್ಥೆಯ 6.6 ಕರ್ನಲ್ (ತಿರುಳು) ಇದೆ, ಅದೇ ಸರಣಿ ಬಹಳ ಹಳೆಯ ಯಂತ್ರಗಳ ಮೇಲೂ ಓಡುತ್ತದೆ. ಆದರೆ ಒಮ್ಮೆ ಹಾಕಿ ಮರೆತುಬಿಟ್ಟರೆ ಅದೂ ಕೆಲವೇ ವರ್ಷದಲ್ಲಿ ಹಳತಾಗುತ್ತದೆ. ಕಂಪನಿಯ ಕೈಯಲ್ಲಿದ್ದ ಜವಾಬ್ದಾರಿ ನಿಮ್ಮ ಕೈಗೆ ಬರುತ್ತದೆ. ಅದನ್ನು ಹೊರಲು ಮನೆಯಲ್ಲಿ ಒಬ್ಬರಾದರೂ ಸಿದ್ಧರಿದ್ದರೆ ಮಾತ್ರ ಈ ಬದಲಾವಣೆ ಮಾಡಿಕೊಳ್ಳಿ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ಇಂಥ ತಂತ್ರಾಂಶ ಹುಟ್ಟಿದ ಬಗೆಯನ್ನು ಎರಡು ಮಾತಿನಲ್ಲಿ ಹೇಳುವುದು ಉಚಿತ, ಏಕೆಂದರೆ ನಿಮ್ಮ ಹಕ್ಕಿನ ಪ್ರಶ್ನೆಯೂ ಅದರೊಳಗಿದೆ. 2002ರ ಕೊನೆಯಲ್ಲಿ ಲಿಂಕ್‌ಸಿಸ್ ಸಂಸ್ಥೆಯ ಡಬ್ಲ್ಯುಆರ್‌ಟಿ54ಜಿ ಎಂಬ ರೌಟರ್ ಮಾರುಕಟ್ಟೆಗೆ ಬಂತು. ಅದರೊಳಗೆ ಲಿನಕ್ಸ್ ಇರುವುದನ್ನು ಕೆಲವು ತಂತ್ರಜ್ಞರು ಪತ್ತೆಹಚ್ಚಿದರು. ಲಿನಕ್ಸ್‌ನ ಜಿಪಿಎಲ್ ಪರವಾನಗಿಯ ಪ್ರಕಾರ ಅದನ್ನು ಬಳಸಿ ಮಾರಿದವರು ಮೂಲ ಕೋಡನ್ನೂ ಕೊಡಬೇಕು. ಒತ್ತಾಯ ಹೆಚ್ಚಿದಾಗ 2003ರಲ್ಲಿ ಕೋಡ್ ಹೊರಬಂತು, 2004ರ ಜನವರಿಯಲ್ಲಿ ಓಪನ್‌ಡಬ್ಲ್ಯುಆರ್‌ಟಿ ಯೋಜನೆ ಆರಂಭವಾಯಿತು. ಹೆಸರಿನಲ್ಲಿರುವ ಡಬ್ಲ್ಯುಆರ್‌ಟಿ ಬಂದದ್ದು ಆ ರೌಟರ್‌ನಿಂದಲೇ. 2005ರಲ್ಲಿ ಅದೇ ರೌಟರ್‌ನ ಐದನೇ ವರ್ಷನ್ನಿನಲ್ಲಿ ಸಂಸ್ಥೆ ಲಿನಕ್ಸ್ ಬಿಟ್ಟು ಬೇರೆ ವ್ಯವಸ್ಥೆ ಹಾಕಿತು, ಫ್ಲ್ಯಾಶನ್ನು 4ರಿಂದ 2 ಎಂಬಿಗೂ ರ‍್ಯಾಮನ್ನು 16ರಿಂದ 8 ಎಂಬಿಗೂ ಇಳಿಸಿತು. ಹೆಸರು ಮಾತ್ರ ಹಾಗೆಯೇ ಉಳಿಯಿತು. ಲಿನಕ್ಸ್ ಬಯಸುವವರಿಗೆಂದು ಡಬ್ಲ್ಯುಆರ್‌ಟಿ54ಜಿಎಲ್ ಎಂಬ ಬೇರೆ ಮಾಡೆಲ್ ಬಂತು. ಒಂದೇ ಹೆಸರಿನಡಿ ಒಳಗಿನ ಯಂತ್ರವೇ ಬದಲಾಗುವ ರೂಢಿ ಅಷ್ಟು ಹಳೆಯದು. 2016ರಲ್ಲಿ ಓಪನ್‌ಡಬ್ಲ್ಯುಆರ್‌ಟಿ ತಂಡದಲ್ಲಿ ಒಡಕು ಬಂದು ಎಲ್ಇಡಿಇ ಎಂಬ ಕವಲು ಹುಟ್ಟಿತು. 2018ರ ಆರಂಭದಲ್ಲಿ ಎರಡೂ ಮತ್ತೆ ಒಂದಾದವು. ಇಂದಿಗೂ ಅದನ್ನು ನಡೆಸುತ್ತಿರುವವರು ಸ್ವಯಂಸೇವಕರೇ.

ಈ ಬದಲಾವಣೆಯಿಂದ ಏನು ಆಗುವುದಿಲ್ಲ ಎಂಬುದನ್ನೂ ಹೇಳಿಬಿಡಬೇಕು. ನೀವು ಹಣ ಕೊಟ್ಟಿರುವ ವೇಗಕ್ಕಿಂತ ಹೆಚ್ಚು ವೇಗ ಬರುವುದಿಲ್ಲ. ವೈಫೈ ಸಿಗ್ನಲ್ ಹಿಂದಿನ ಕೋಣೆಗೋ ಅಂಗಳದಾಚೆಯ ಕೊಟ್ಟಿಗೆಗೋ ಹೊಸದಾಗಿ ತಲುಪುವುದಿಲ್ಲ, ಏಕೆಂದರೆ ಆಂಟೆನಾ ಅದೇ, ರೇಡಿಯೊ ಚಿಪ್ ಅದೇ. ದೇಶದ ಸೆಟ್ಟಿಂಗನ್ನು ಬೇರೆ ದೇಶಕ್ಕೆ ಬದಲಿಸಿ ಪ್ರಸಾರದ ಶಕ್ತಿ ಹೆಚ್ಚಿಸಿಕೊಳ್ಳಿ ಎಂಬ ಸಲಹೆ ನಿಮ್ಮ ಕಿವಿಗೆ ಬೀಳಬಹುದು. ಅದು ನಿಯಮಬಾಹಿರ, ಉಪಯೋಗವೂ ಇಲ್ಲ. ರೌಟರ್ ಗಟ್ಟಿಯಾಗಿ ಕೂಗಿದ ಮಾತ್ರಕ್ಕೆ ಫೋನಿನ ಉತ್ತರ ರೌಟರ್‌ಗೆ ಕೇಳಿಸುವುದಿಲ್ಲ. ಭಾರತದಲ್ಲಿ 2018ರ ಅಕ್ಟೋಬರಿನ ಅಧಿಸೂಚನೆಯ ನಂತರ 5 ಗಿಗಾಹರ್ಟ್ಸ್‌ನಲ್ಲಿ ಪರವಾನಗಿಯಿಲ್ಲದೆ ಬಳಸಬಹುದಾದ ಚಾನೆಲ್‌ಗಳು ಬೇಕಾದಷ್ಟಿವೆ. ದೇಶದ ಜಾಗದಲ್ಲಿ ಭಾರತವನ್ನೇ ಆರಿಸಿ, ಅಷ್ಟು ಸಾಕು.

ನಿಮ್ಮ ಮನೆಯ ನಿಜವಾದ ತೊಂದರೆ ವೇಗದ್ದಲ್ಲ, ಸರತಿಯದ್ದು. ಫೋನು ಬ್ಯಾಕಪ್ ಶುರುಮಾಡಿದಾಗ ಅದು ಅಪ್‌ಲೋಡ್ ದಾರಿಯನ್ನು ಪೂರ್ತಿಯಾಗಿ ತುಂಬಿಬಿಡುತ್ತದೆ. ಮೋಡೆಮ್ ಮತ್ತು ರೌಟರ್‌ಗಳು ಯಾವ ಪ್ಯಾಕೆಟ್ಟನ್ನೂ (ಮಾಹಿತಿಯ ತುಣುಕನ್ನೂ) ಕಳೆದುಕೊಳ್ಳಬಾರದೆಂದು ಬಂದದ್ದನ್ನೆಲ್ಲ ಉದ್ದದ ಸಾಲಿನಲ್ಲಿ ನಿಲ್ಲಿಸಿಕೊಳ್ಳುತ್ತವೆ. ಮೀಟಿಂಗಿನ ಧ್ವನಿ ಹೊತ್ತ ಪುಟ್ಟ ಪ್ಯಾಕೆಟ್ ಆ ಸಾಲಿನ ಕೊನೆಯಲ್ಲಿ ನಿಲ್ಲಬೇಕು. ಹಿಟ್ಟಿನ ಗಿರಣಿಯಲ್ಲಿ ಒಬ್ಬರು ಇಪ್ಪತ್ತು ಚೀಲ ರಾಗಿ ಇಳಿಸಿದ ಮೇಲೆ, ಒಂದು ಸೇರು ಅಕ್ಕಿ ಬೀಸಿಸಲು ಬಂದವರು ಕಾಯುವ ಹಾಗೆ. ಖಾಲಿ ಸಮಯದಲ್ಲಿ 20 ಮಿಲಿಸೆಕೆಂಡಿನಲ್ಲಿ ಹೋಗಿಬರುತ್ತಿದ್ದ ಪ್ಯಾಕೆಟ್ಟಿಗೆ ಈಗ ನೂರಾರು ಮಿಲಿಸೆಕೆಂಡು ಬೇಕಾಗುತ್ತದೆ, ಮಾತು ಮುರಿಯುತ್ತದೆ. ವೇಗ ಅಳೆಯುವ ಆ್ಯಪ್‌ಗಳು ಸಾಮಾನ್ಯವಾಗಿ ದೊಡ್ಡ ಅಂಕಿಯಲ್ಲಿ ತೋರಿಸುವುದು ವೇಗವನ್ನೇ ಆದ್ದರಿಂದ ಈ ದೋಷ ಕಣ್ಣಿಗೆ ಬೀಳುವುದಿಲ್ಲ. ಇನ್ನೂ ದೊಡ್ಡ ಪ್ಲಾನ್ ಕೊಂಡರೂ ಅದು ಪೂರ್ತಿ ಹೋಗದಿರಬಹುದು.

2010ರ ಸುಮಾರಿಗೆ ಜಿಮ್ ಗೆಟಿಸ್ ಎಂಬ ತಂತ್ರಜ್ಞ ಇದನ್ನು ಬಫರ್‌ಬ್ಲೋಟ್ ಎಂದು ಕರೆದು ಎಲ್ಲರ ಗಮನಕ್ಕೆ ತಂದರು. 2012ರಲ್ಲಿ ಕ್ಯಾಥ್ಲೀನ್ ನಿಕೋಲ್ಸ್ ಮತ್ತು ವ್ಯಾನ್ ಜೇಕಬ್ಸನ್ ಕೋಡೆಲ್ ಎಂಬ ವಿಧಾನವನ್ನು ಪ್ರಕಟಿಸಿದರು. ಸಾಲು ಎಷ್ಟು ಉದ್ದವಿದೆ ಎಂದು ನೋಡದೆ ಒಂದು ಪ್ಯಾಕೆಟ್ ಸಾಲಿನಲ್ಲಿ ಎಷ್ಟು ಹೊತ್ತು ಕಾದಿದೆ ಎಂಬುದನ್ನು ಅದು ನೋಡುತ್ತದೆ. ಕಾಯುವ ಹೊತ್ತು ಹೆಚ್ಚುತ್ತಲೇ ಹೋದರೆ ಕೆಲವು ಪ್ಯಾಕೆಟ್‌ಗಳನ್ನು ಕೈಬಿಟ್ಟು, ಕಳಿಸುವವರು ನಿಧಾನಿಸುವಂತೆ ಸೂಚನೆ ಕೊಡುತ್ತದೆ. ಪ್ರತಿ ಸಂಪರ್ಕಕ್ಕೂ ಪ್ರತ್ಯೇಕ ಸಾಲು ಮಾಡಿ ಸರದಿಯ ಮೇಲೆ ಎಲ್ಲದರಿಂದಲೂ ಸ್ವಲ್ಪ ಸ್ವಲ್ಪ ಕಳಿಸುವ ಎಫ್‌ಕ್ಯೂ-ಕೋಡೆಲ್ ಅದರ ಮುಂದಿನ ಹೆಜ್ಜೆ, ಕೇಕ್ ಎಂಬುದು ಅದಕ್ಕೂ ಮುಂದಿನದು. ಇವನ್ನು ಮನೆಯ ರೌಟರ್‌ನಲ್ಲಿ ಪರೀಕ್ಷಿಸಿ ಹದಗೊಳಿಸಿದ್ದು ಓಪನ್‌ಡಬ್ಲ್ಯುಆರ್‌ಟಿಯಿಂದ ಕವಲೊಡೆದ ಸೆರೊಡಬ್ಲ್ಯುಆರ್‌ಟಿ ಎಂಬ ಪ್ರಯೋಗದಲ್ಲಿ, ಡೇವ್ ತಾಟ್ ಅವರ ಮುಂದಾಳುತನದಲ್ಲಿ. ಅವರು 2025ರಲ್ಲಿ ತೀರಿಕೊಂಡರು. ಹಳ್ಳಿಯ ಸಾಧಾರಣ ಸಂಪರ್ಕದಲ್ಲೂ ಮಾತು ಮುರಿಯದೆ ನಡೆಯಬೇಕೆಂದು ಆ ಗುಂಪು ಪಟ್ಟ ಶ್ರಮದ ಫಲವೇ ನಿಮ್ಮ ಪ್ರಶ್ನೆಗೆ ಉತ್ತರ. ಕಾರ್ಖಾನೆಯ ಫರ್ಮ್‌ವೇರ್‌ಗಳಲ್ಲಿ ಕ್ಯೂಒಎಸ್ ಎಂಬ ಹೆಸರಿನಲ್ಲಿ ಏನೋ ಒಂದು ಇರುತ್ತದೆ, ಆದರೆ ಅದು ಹೆಚ್ಚಾಗಿ ಯಾವ ಫೋನಿಗೆ ಮೊದಲ ಸ್ಥಾನ ಎಂದು ಗುರುತುಹಾಕುವ ವ್ಯವಸ್ಥೆ. ಸಾಲನ್ನೇ ಚಿಕ್ಕದಾಗಿಡುವ ಕೆಲಸ ಅದರಿಂದ ಆಗುವುದು ಅಪರೂಪ.

ಇನ್ನು ಸಿದ್ಧತೆ. ರೌಟರ್‌ಗೆ ಹೊಸ ತಂತ್ರಾಂಶ ಬರೆಯುತ್ತಿರುವಾಗ ಕರೆಂಟು ಹೋದರೆ ಬರವಣಿಗೆ ಅರ್ಧಕ್ಕೆ ನಿಲ್ಲುತ್ತದೆ. ಮಳೆಗಾಲದಲ್ಲಿ ನಿಮ್ಮ ಕಡೆ ಇದು ಬರಿಯ ಮಾತಲ್ಲ. ಆದ್ದರಿಂದ ರೌಟರನ್ನು ಯುಪಿಎಸ್‌ಗೆ ಜೋಡಿಸಿ. ರೌಟರ್‌ಗೆಂದೇ ಸಿಗುವ 12 ವೋಲ್ಟಿನ ಸಣ್ಣ ಯುಪಿಎಸ್ ಆದರೂ ಸಾಕು. ವೈಫೈ ಮೂಲಕ ಈ ಕೆಲಸ ಮಾಡಬೇಡಿ, ಲ್ಯಾಪ್‌ಟಾಪನ್ನು ಲ್ಯಾನ್ ಕೇಬಲ್ಲಿನಿಂದ ಜೋಡಿಸಿ. ಕೆಲಸ ನಡೆಯುವಾಗ ಮನೆಯ ಸಂಪರ್ಕ ಇರುವುದಿಲ್ಲ, ಹಾಗಾಗಿ ಬೇಕಾದುದನ್ನೆಲ್ಲ ಮೊದಲೇ ಇಳಿಸಿಟ್ಟುಕೊಳ್ಳಿ: ನಿಮ್ಮ ವರ್ಷನ್ನಿಗೆ ಸೇರಿದ ಫ್ಯಾಕ್ಟರಿ ಫೈಲು, ಸಿಸ್‌ಅಪ್‌ಗ್ರೇಡ್ ಫೈಲು, ಮತ್ತು ತಯಾರಕರ ಜಾಲತಾಣದಿಂದ ಅದೇ ವರ್ಷನ್ನಿನ ಮೂಲ ಫರ್ಮ್‌ವೇರ್. ಫ್ಯಾಕ್ಟರಿ ಎಂದು ಹೆಸರಿರುವುದು ಮೂಲ ತಂತ್ರಾಂಶದಿಂದ ಮೊದಲ ಸಲ ದಾಟಲು, ಸಿಸ್‌ಅಪ್‌ಗ್ರೇಡ್ ಎಂಬುದು ಓಪನ್‌ಡಬ್ಲ್ಯುಆರ್‌ಟಿಯೊಳಗೆ ಮುಂದಿನ ಬಿಡುಗಡೆಗೆ ಹೋಗಲು. ಎರಡನ್ನೂ ಅದಲುಬದಲು ಮಾಡಬಾರದು. ಡೌನ್‌ಲೋಡ್ ಪುಟದಲ್ಲಿ ಪ್ರತಿ ಫೈಲಿನ ಶಾ256 ಮೊತ್ತ (ಫೈಲು ಸರಿಯಾಗಿ ಇಳಿದಿದೆಯೇ ಎಂದು ತಿಳಿಸುವ ಉದ್ದದ ಗುರುತು) ಕೊಟ್ಟಿರುತ್ತಾರೆ. ನಿಮ್ಮ ಲ್ಯಾಪ್‌ಟಾಪಿನಲ್ಲಿರುವ ಫೈಲಿನ ಮೊತ್ತ ಅದರೊಂದಿಗೆ ತಾಳೆಯಾಗುತ್ತದೆಯೇ ಎಂದು ನೋಡಿ. ನಿಮ್ಮ ಮಾಡೆಲ್ಲಿಗೆಂದು ಇರುವ ಮಾಹಿತಿ ಪುಟವನ್ನು ಪಿಡಿಎಫ್ ಆಗಿ ಉಳಿಸಿಕೊಳ್ಳಿ. ಬೇಕಾದಾಗ ಅದನ್ನು ತೆರೆಯಲು ಇಂಟರ್ನೆಟ್ ಇರುವುದಿಲ್ಲ.

ಬೆಂಬಲವಿರುವ ಹಲವು ಟಿಪಿ-ಲಿಂಕ್ ಮಾಡೆಲ್‌ಗಳಲ್ಲಿ ಹಾಕುವ ಕೆಲಸ ಸರಳ. ರೌಟರ್‌ನ ಆಡಳಿತ ಪುಟಕ್ಕೆ ಹೋಗಿ, ಫರ್ಮ್‌ವೇರ್ ಅಪ್‌ಗ್ರೇಡ್ ಎಂಬಲ್ಲಿ ಫ್ಯಾಕ್ಟರಿ ಫೈಲನ್ನು ಆರಿಸಿ ಒತ್ತಬೇಕು. ಕೆಲವು ನಿಮಿಷ ಏನನ್ನೂ ಮುಟ್ಟದೆ ಕಾಯಿರಿ; ದೀಪ ಮಿನುಗುವುದು ನಿಂತಿತೆಂದು ಅವಸರದಲ್ಲಿ ಸ್ವಿಚ್ ಆಫ್ ಮಾಡಬೇಡಿ. ಕೆಲವು ಯಂತ್ರಗಳಲ್ಲಿ ಮೂಲ ಫರ್ಮ್‌ವೇರ್ ಹೊರಗಿನ ಫೈಲನ್ನು ತಿರಸ್ಕರಿಸುತ್ತದೆ. ಆಗ ಬಲವಂತದ ಉಪಾಯಗಳನ್ನು ಹುಡುಕುವ ಬದಲು ಮಾಹಿತಿ ಪುಟದಲ್ಲಿ ನಿಮ್ಮ ವರ್ಷನ್ನಿಗೆ ಬೇರೆ ವಿಧಾನ ಹೇಳಿದೆಯೇ ನೋಡಿ.

ರೌಟರ್ ಕೆಟ್ಟುಹೋದರೆ ಎಂಬ ನಿಮ್ಮ ಭಯಕ್ಕೆ ಈಗ ನೇರವಾಗಿ ಉತ್ತರಿಸುತ್ತೇನೆ. ರೌಟರ್‌ನಲ್ಲಿ ಮೊದಲು ಏಳುವುದು ಬೂಟ್‌ಲೋಡರ್ ಎಂಬ ಪುಟ್ಟ ತಂತ್ರಾಂಶ. ಸರಿಯಾದ ಫೈಲು ಬಳಸಿದರೆ ಓಪನ್‌ಡಬ್ಲ್ಯುಆರ್‌ಟಿ ಅದನ್ನು ಮುಟ್ಟುವುದಿಲ್ಲ. ಅದು ಉಳಿದಿರುವ ತನಕ ರೌಟರ್ ಸತ್ತಿಲ್ಲ. ಕ್ವಾಲ್‌ಕಾಮ್ ಚಿಪ್ಪಿನ ಹಲವು ಟಿಪಿ-ಲಿಂಕ್ ರೌಟರ್‌ಗಳಲ್ಲಿ ರಿಸೆಟ್ ಗುಂಡಿ ಒತ್ತಿಹಿಡಿದು ವಿದ್ಯುತ್ ಕೊಟ್ಟರೆ, 192.168.0.66 ಎಂಬ ವಿಳಾಸದಲ್ಲಿ ಟಿಎಫ್‌ಟಿಪಿ ಸರ್ವರ್ (ಕೇಬಲ್ ಮೂಲಕ ಫೈಲು ಒದಗಿಸುವ ತಂತ್ರಾಂಶ) ಇದೆಯೇ ಎಂದು ಬೂಟ್‌ಲೋಡರ್ ಹುಡುಕುತ್ತದೆ, ಗೊತ್ತಾದ ಹೆಸರಿನ ಒಂದು ಫೈಲನ್ನು ಕೇಳುತ್ತದೆ. ಲ್ಯಾಪ್‌ಟಾಪಿಗೆ ಆ ವಿಳಾಸ ಕೊಟ್ಟು, ಉಚಿತವಾಗಿ ಸಿಗುವ ಟಿಎಫ್‌ಟಿಪಿ ತಂತ್ರಾಂಶ ಓಡಿಸಿ, ಫರ್ಮ್‌ವೇರ್ ಫೈಲಿಗೆ ಅದು ಕೇಳುವ ಹೆಸರನ್ನೇ ಇಟ್ಟರೆ ರೌಟರ್ ತಾನೇ ಎಳೆದುಕೊಂಡು ಬರೆದುಕೊಳ್ಳುತ್ತದೆ. ಇನ್ನು ಕೆಲವು ಯಂತ್ರಗಳಲ್ಲಿ ಬೂಟ್‌ಲೋಡರ್ ಬ್ರೌಸರಿನಲ್ಲೇ ಒಂದು ಪುಟ ತೆರೆದು ಫೈಲು ಕೇಳುತ್ತದೆ. ಇದಲ್ಲದೆ ಓಪನ್‌ಡಬ್ಲ್ಯುಆರ್‌ಟಿ ಹತ್ತಿದ ಮೇಲೆ ತಪ್ಪು ಸೆಟ್ಟಿಂಗಿನಿಂದ ಒಳಗೆ ಹೋಗಲಾಗದಿದ್ದರೆ ಫೇಲ್‌ಸೇಫ್ ಮೋಡ್ ಇದೆ: ಆರಂಭದಲ್ಲಿ ದೀಪ ವೇಗವಾಗಿ ಮಿನುಗುವಾಗ ಗುಂಡಿ ಒತ್ತಿದರೆ ನಿಮ್ಮ ಸೆಟ್ಟಿಂಗುಗಳನ್ನು ಬದಿಗಿಟ್ಟು ರೌಟರ್ 192.168.1.1ರಲ್ಲಿ ಸಿಗುತ್ತದೆ. ನಿಮ್ಮ ವರ್ಷನ್ನಿಗೆ ಸೀರಿಯಲ್ ಕೇಬಲ್ ಬೆಸೆಯುವುದೊಂದೇ ದಾರಿ ಎಂದು ಮಾಹಿತಿ ಪುಟ ಹೇಳಿದರೆ, ಮಗಳ ಉದ್ಯೋಗ ನಿಂತಿರುವ ರೌಟರ್ ಮೇಲೆ ಆ ಪ್ರಯೋಗ ಮಾಡಬಾರದು.

ಹಾಕಿದ ತಕ್ಷಣ ಮಾಡಬೇಕಾದ ಒಂದು ಕೆಲಸವನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಪ್ರತಿ ರೌಟರ್‌ನ ರೇಡಿಯೊವನ್ನು ಕಾರ್ಖಾನೆಯಲ್ಲಿ ಪ್ರತ್ಯೇಕವಾಗಿ ಅಳೆದು ಹೊಂದಿಸಿ, ಆ ಅಳತೆಗಳನ್ನು ಫ್ಲ್ಯಾಶ್‌ನ ಒಂದು ಪುಟ್ಟ ಭಾಗದಲ್ಲಿ ಬರೆದಿರುತ್ತಾರೆ. ಮಾಡೆಲ್ಲಿಗೆ ತಕ್ಕಂತೆ ಆ ಭಾಗದ ಹೆಸರು ಆರ್ಟ್, ರೇಡಿಯೊ ಅಥವಾ ಫ್ಯಾಕ್ಟರಿ ಎಂದಿರಬಹುದು. ಅದು ಅಳಿದರೆ ವೈಫೈ ಮತ್ತೆ ಸರಿಯಾಗಿ ನಡೆಯುವುದಿಲ್ಲ. ಇನ್ನೊಂದು ರೌಟರ್‌ನಿಂದ ತಂದು ತುಂಬಿದರೂ ಅಳತೆ ಹೊಂದುವುದಿಲ್ಲ. ಓಪನ್‌ಡಬ್ಲ್ಯುಆರ್‌ಟಿಯ ಲೂಸಿ ಎಂಬ ಆಡಳಿತ ಪುಟದಲ್ಲಿ ಬ್ಯಾಕಪ್ ವಿಭಾಗಕ್ಕೆ ಹೋದರೆ ಫ್ಲ್ಯಾಶ್‌ನ ಪ್ರತಿ ಭಾಗವನ್ನೂ ಫೈಲಾಗಿ ಇಳಿಸಿಕೊಳ್ಳಬಹುದು. ಮೊದಲ ದಿನವೇ ಇಳಿಸಿ, ಲೇಬಲ್ಲಿನ ಫೋಟೊ ಜೊತೆ ಜೋಪಾನವಾಗಿಡಿ.

ಮೊದಲ ಸಲ ಏಳುವಾಗ ಓಪನ್‌ಡಬ್ಲ್ಯುಆರ್‌ಟಿಗೆ ಪಾಸ್‌ವರ್ಡ್ ಇರುವುದಿಲ್ಲ, ವೈಫೈ ಆರಿರುತ್ತದೆ. ರೌಟರ್ ಹಾಳಾಯಿತೆಂದು ಹಲವರು ಗಾಬರಿಯಾಗುವುದು ಆಗಲೇ. ಕೇಬಲ್ ಮೂಲಕ 192.168.1.1ಕ್ಕೆ ಹೋಗಿ ರೂಟ್ ಹೆಸರಿನಲ್ಲಿ ಒಳಹೊಕ್ಕು, ಮೊದಲು ಗಟ್ಟಿಯಾದ ಪಾಸ್‌ವರ್ಡ್ ಇಡಿ. ಎರಡನೆಯದಾಗಿ ಈ ವಿಳಾಸವನ್ನೇ ಬದಲಿಸಿ. ಫೈಬರ್ ಮೋಡೆಮ್‌ಗಳೂ ಬಹಳ ಸಲ ಇದೇ 192.168.1.1 ವಿಳಾಸದಲ್ಲಿ ಕೂತಿರುತ್ತವೆ. ಮೋಡೆಮ್ ಬ್ರಿಡ್ಜ್ ಮೋಡ್‌ನಲ್ಲಿ ಇಲ್ಲದಿದ್ದಾಗ ಎರಡೂ ಒಂದೇ ವಿಳಾಸಮಾಲೆ ಹಿಡಿದು ಕೂತರೆ ಇಂಟರ್ನೆಟ್ ಬರುವುದಿಲ್ಲ, ಕಾರಣವೂ ಹೊಳೆಯುವುದಿಲ್ಲ. ರೌಟರ್‌ನ ಲ್ಯಾನ್ ವಿಳಾಸವನ್ನು 192.168.5.1ಕ್ಕೆ ಬದಲಿಸಿ, ಆಮೇಲೆ ಮೋಡೆಮ್ ಕೇಬಲ್ ಸಿಕ್ಕಿಸಿ. ಬ್ರಿಡ್ಜ್ ಮೋಡ್ ಸಿಕ್ಕಿದ್ದರೆ ವ್ಯಾನ್ (ಹೊರಸಂಪರ್ಕ) ವಿಭಾಗದಲ್ಲಿ ಪಿಪಿಪಿಒಇ ಎಂಬ ಲಾಗಿನ್ ವಿಧಾನವನ್ನು ಆರಿಸಿ, ಸಂಪರ್ಕದವರು ಕೊಟ್ಟ ಯೂಸರ್‌ನೇಮ್, ಪಾಸ್‌ವರ್ಡ್ ತುಂಬಿ; ವಿಲ್ಯಾನ್ ಸಂಖ್ಯೆ ಹೇಳಿದ್ದರೆ ಅದನ್ನೂ ಸೇರಿಸಿ. ಸಿಕ್ಕದಿದ್ದರೆ, ಮೋಡೆಮ್‌ನಿಂದ ವಿಳಾಸವನ್ನು ತಾನಾಗಿ ಪಡೆಯುವ ಡಿಎಚ್‌ಸಿಪಿ ಇರುವಂತೆಯೇ ಬಿಡಿ. ಹೊರಗಿನಿಂದ ಮನೆಯ ಕ್ಯಾಮೆರಾ ನೋಡುವಂಥ ಕೆಲಸಗಳಿಗೆ ಮಾತ್ರ ಇದರಿಂದ ತೊಡಕಾಗಬಹುದು, ಮೀಟಿಂಗಿಗೆ ಅಲ್ಲ.

ವೈಫೈ ತೆರೆಯುವಾಗ ದೇಶ ಭಾರತ, ಭದ್ರತೆ ಡಬ್ಲ್ಯುಪಿಎ2 ಮತ್ತು ಡಬ್ಲ್ಯುಪಿಎ3 ಎರಡೂ ಸೇರಿದ್ದು ಎಂದು ಇಡಿ. ಹಳೆಯ ಪ್ರಿಂಟರ್, ಸಿಸಿಟಿವಿ, ಸ್ಮಾರ್ಟ್ ಬಲ್ಬುಗಳು ಹತ್ತದಿದ್ದರೆ ಅವಕ್ಕೆಂದು 2.4 ಗಿಗಾಹರ್ಟ್ಸ್‌ನಲ್ಲಿ ಡಬ್ಲ್ಯುಪಿಎ2 ಮಾತ್ರ ಇರುವ ಅತಿಥಿ ಜಾಲವೊಂದನ್ನು ಮಾಡಿ. ಆ ಜಾಲದಿಂದ ಮನೆಯ ಕಂಪ್ಯೂಟರ್‌ಗಳತ್ತ ಹೋಗಲು ದಾರಿ ಇಲ್ಲದಂತೆ ಫೈರ್‌ವಾಲ್‌ನಲ್ಲಿ ಬೇರೆ ವಲಯವಾಗಿ ಇಡಬಹುದು. ಅಗ್ಗದ ಕ್ಯಾಮೆರಾಗಳನ್ನು ಕಚೇರಿ ಕೆಲಸದ ಲ್ಯಾಪ್‌ಟಾಪ್ ಇರುವ ಜಾಲದಲ್ಲಿ ಇಡದಿರುವುದು ಬಹಳ ಒಳ್ಳೆಯದು.

ಕೊನೆಗೆ ಈ ಎಲ್ಲದರ ಉದ್ದೇಶವಾದ ಸರತಿಯ ಕೆಲಸ. ಪ್ಯಾಕೇಜುಗಳ ಪುಟದಲ್ಲಿ ಲೂಸಿಯ ಎಸ್‌ಕ್ಯೂಎಮ್ ಎಂಬ, ಸಾಲನ್ನು ನಿಭಾಯಿಸುವ ಭಾಗವನ್ನು ಹಾಕಿಕೊಳ್ಳಿ. ಮನೆಯಲ್ಲಿ ಬೇರೆ ಯಾರೂ ಬಳಸದ ಹೊತ್ತಿನಲ್ಲಿ, ಕೇಬಲ್ ಜೋಡಿಸಿದ ಲ್ಯಾಪ್‌ಟಾಪಿನಿಂದ ವೇಗ ಅಳೆಯಿರಿ. ಬೆಳಿಗ್ಗೆ ಒಮ್ಮೆ, ರಾತ್ರಿ ದಟ್ಟಣೆಯ ಹೊತ್ತಿನಲ್ಲಿ ಒಮ್ಮೆ. ಕಡಿಮೆ ಬಂದ ಅಂಕಿಯ ಸುಮಾರು ಶೇ 90ರಷ್ಟನ್ನು ಎಸ್‌ಕ್ಯೂಎಮ್‌ನಲ್ಲಿ ಡೌನ್‌ಲೋಡ್ ಮತ್ತು ಅಪ್‌ಲೋಡ್ ಮಿತಿಯಾಗಿ ಬರೆಯಿರಿ. ಅಪ್‌ಲೋಡ್ 50 ಎಂಬಿಪಿಎಸ್ ಬಂದಿದ್ದರೆ 45 ಎಂದು. ಸ್ವಂತ ಇಚ್ಛೆಯಿಂದ ವೇಗ ಕಡಿಮೆ ಮಾಡಿಕೊಳ್ಳುವುದು ವಿಚಿತ್ರವೆನಿಸಬಹುದು. ಆದರೆ ಸಾಲು ಮೋಡೆಮ್‌ನಲ್ಲಿ ಬೆಳೆಯದೆ ನಿಮ್ಮ ರೌಟರ್‌ನಲ್ಲೇ ನಿಲ್ಲಬೇಕಾದರೆ ರೌಟರ್ ಮುಂದಿನ ದಾರಿಗಿಂತ ತುಸು ನಿಧಾನವಾಗಿ ಕಳಿಸಲೇಬೇಕು. ಸಾಲಿನ ವಿಧಾನವಾಗಿ ಕೇಕ್ ಆರಿಸಿ, ಲಿಂಕ್ ಲೇಯರ್ ಭಾಗದಲ್ಲಿ ಈಥರ್ನೆಟ್ ಎಂದು ಆರಿಸಿ ಓವರ್‌ಹೆಡ್ (ಪ್ರತಿ ಪ್ಯಾಕೆಟ್ಟಿನ ಜೊತೆ ಸೇರುವ ಹೆಚ್ಚುವರಿ ಬೈಟುಗಳು) 44 ಎಂದು ತುಂಬಿ. ಪಿಪಿಪಿಒಇ ಬಳಸುತ್ತಿದ್ದರೆ ಇಂಟರ್‌ಫೇಸ್ ಜಾಗದಲ್ಲಿ ಪಿಪಿಪಿಒಇ-ವ್ಯಾನ್ ಅನ್ನೇ ಆರಿಸಿ. ಪರೀಕ್ಷೆ ಸುಲಭ: ಲ್ಯಾಪ್‌ಟಾಪಿನಲ್ಲಿ, ಪ್ಯಾಕೆಟ್ ಹೋಗಿಬರುವ ಹೊತ್ತನ್ನು ಅಳೆಯುವ ಪಿಂಗ್ ಓಡಿಸಿಟ್ಟು, ಫೋನಿನಲ್ಲಿ ದೊಡ್ಡ ವಿಡಿಯೊ ಒಂದನ್ನು ಅಪ್‌ಲೋಡ್ ಮಾಡಿ. ಎಸ್‌ಕ್ಯೂಎಮ್ ಆಫ್ ಮಾಡಿದಾಗ ಮೇಲೇರುವ ಮಿಲಿಸೆಕೆಂಡುಗಳು, ಹಚ್ಚಿದಾಗ ಖಾಲಿ ಸಮಯದ ಅಂಕಿಯ ಹತ್ತಿರವೇ ನಿಲ್ಲಬೇಕು. ನಿಲ್ಲದಿದ್ದರೆ ಮಿತಿಯನ್ನು ಇನ್ನಷ್ಟು ಇಳಿಸಿ ನೋಡಿ. ಆಗಲೂ ನಿಲ್ಲದಿದ್ದರೆ ತೊಂದರೆ ವೈಫೈನಲ್ಲೋ ಸಂಪರ್ಕದಲ್ಲೋ ಇದೆ. ಮಗಳ ಲ್ಯಾಪ್‌ಟಾಪಿಗೆ ಕೇಬಲ್ ಜೋಡಿಸಿ ಪರೀಕ್ಷಿಸಿದರೆ ಯಾವುದೆಂದು ತಿಳಿಯುತ್ತದೆ.

ಈ ಲೆಕ್ಕಾಚಾರವನ್ನೆಲ್ಲ ಮಾಡುವುದು ರೌಟರ್‌ನ ಮುಖ್ಯ ಚಿಪ್. ಪ್ಯಾಕೆಟ್‌ಗಳನ್ನು ಅಡ್ಡದಾರಿಯಲ್ಲಿ ಸಾಗಿಸಿ ವೇಗ ಕೊಡುವ ಹಾರ್ಡ್‌ವೇರ್ ಆಫ್‌ಲೋಡ್ ಸೌಲಭ್ಯ ಮತ್ತು ಎಸ್‌ಕ್ಯೂಎಮ್ ಒಟ್ಟಿಗೆ ನಡೆಯುವುದಿಲ್ಲ. 100 ಎಂಬಿಪಿಎಸ್‌ವರೆಗಿನ ಪ್ಲಾನ್‌ಗಳಿಗೆ ಆರ್ಚರ್ ಸಿ6ನಂಥ ಯಂತ್ರ ಸಾಕು. 300, 500 ಎಂಬಿಪಿಎಸ್ ಪ್ಲಾನ್ ಇದ್ದರೆ ಇದೇ ಚಿಪ್ಪು ಏದುಸಿರು ಬಿಡುತ್ತದೆ, ಆಗ ಶಕ್ತಿಶಾಲಿಯಾದ ಯಂತ್ರ ಬೇಕು. ಹೊಸದು ಕೊಳ್ಳುವುದಾದರೆ ಮೀಡಿಯಾಟೆಕ್ ಫಿಲಾಜಿಕ್ ಚಿಪ್ ಇರುವ ವೈಫೈ 6 ರೌಟರನ್ನು, ಬೆಂಬಲಿತ ಯಂತ್ರಗಳ ಕೋಷ್ಟಕ ನೋಡಿಯೇ ಆರಿಸಿ. 2024ರ ನವೆಂಬರಿನಲ್ಲಿ ಯೋಜನೆಯವರೇ ಬನಾನಾ ಪೈ ಎಂಬ ಯಂತ್ರ ತಯಾರಕರ ಜೊತೆ ಸೇರಿ ಓಪನ್‌ಡಬ್ಲ್ಯುಆರ್‌ಟಿ ಒನ್ ಎಂಬ ರೌಟರ್ ತಂದಿದ್ದಾರೆ. ಬಂದಾಗ ಬೆಲೆ 89 ಡಾಲರ್ ಇತ್ತು. ಆಮದು ಖರ್ಚು ಬೇರೆ. ಅದರಲ್ಲಿ 1 ಜಿಬಿ ರ‍್ಯಾಮ್ ಮತ್ತು ಎರಡು ಪ್ರತ್ಯೇಕ ಫ್ಲ್ಯಾಶ್ ಚಿಪ್‌ಗಳಿವೆ. ಒಂದು ಹಾಳಾದರೆ ಸ್ವಿಚ್ ಸರಿಸಿ ಇನ್ನೊಂದರಿಂದ ಎಬ್ಬಿಸಬಹುದು.

ನಿಭಾವಣೆಗೆ ವರ್ಷದಲ್ಲಿ ಕೆಲವು ಗಂಟೆ ಸಾಕು. ಬಿಡಿ ಪ್ಯಾಕೇಜುಗಳನ್ನು ಒಂದೊಂದಾಗಿ ಅಪ್‌ಗ್ರೇಡ್ ಮಾಡುತ್ತ ಹೋಗಬೇಡಿ. ಅದರಿಂದ ಜಾಗ ತುಂಬುತ್ತದೆ, ಕೆಲವೊಮ್ಮೆ ಹೊಂದಾಣಿಕೆ ತಪ್ಪಿ ರೌಟರ್ ಏಳದೆಯೂ ಹೋಗಬಹುದು. ಹೊಸ ಬಿಡುಗಡೆ ಬಂದಾಗ ಸೆಟ್ಟಿಂಗುಗಳ ಬ್ಯಾಕಪ್ ಇಳಿಸಿಕೊಂಡು, ಪೂರ್ತಿ ಸಿಸ್‌ಅಪ್‌ಗ್ರೇಡ್ ಫೈಲನ್ನೇ ಹಾಕಿ. ಸೆಟ್ಟಿಂಗ್ ಉಳಿಯುತ್ತವೆ, ಆದರೆ ನೀವಾಗಿ ಸೇರಿಸಿದ ಎಸ್‌ಕ್ಯೂಎಮ್‌ನಂಥ ಪ್ಯಾಕೇಜುಗಳು ಹೋಗಿರುತ್ತವೆ. ಫರ್ಮ್‌ವೇರ್ ಸೆಲೆಕ್ಟರ್‌ನಲ್ಲೇ ಅವುಗಳ ಹೆಸರು ಸೇರಿಸಿ ನಿಮಗೆಂದೇ ಒಂದು ಫೈಲು ತಯಾರಿಸಿಕೊಂಡರೆ ಆ ತಾಪತ್ರಯವಿಲ್ಲ.

ಲೇಬಲ್ಲಿನ ವರ್ಷನ್ ಕೋಷ್ಟಕದಲ್ಲಿ ಇಲ್ಲವೆಂದಾದರೆ ಮೂಲ ಫರ್ಮ್‌ವೇರನ್ನು ತಯಾರಕರ ಕೊನೆಯ ಬಿಡುಗಡೆಗೆ ತನ್ನಿ, ಹೊರಗಿನಿಂದ ಆಡಳಿತ ಮಾಡುವ ಸೌಲಭ್ಯವನ್ನೂ, ಪಾಸ್‌ವರ್ಡ್ ಇಲ್ಲದೆ ಗುಂಡಿ ಒತ್ತಿ ಅಥವಾ ಪಿನ್ ಕೊಟ್ಟು ವೈಫೈ ಸೇರುವ ಡಬ್ಲ್ಯುಪಿಎಸ್ಸನ್ನೂ ಆಫ್ ಮಾಡಿ, ಆಡಳಿತದ ಪಾಸ್‌ವರ್ಡ್ ಬದಲಿಸಿ. ಮೀಟಿಂಗಿನ ಮಟ್ಟಿಗೆ ಮನೆಯ ಫೋನುಗಳ ಬ್ಯಾಕಪ್ ರಾತ್ರಿ ಚಾರ್ಜಿಗಿಟ್ಟಾಗ ಮಾತ್ರ ನಡೆಯುವಂತೆ ಮಾಡಿದರೆ ಅಷ್ಟು ದಿನ ತಳ್ಳಬಹುದು. ಮುಂದೆ ಬೆಂಬಲವಿರುವ ಇನ್ನೊಂದು ರೌಟರ್ ಕೊಂಡು ಅದರಲ್ಲಿ ಎಸ್‌ಕ್ಯೂಎಮ್ ಹಚ್ಚಿದಾಗ, ಈಗಿನ ಆರ್ಚರನ್ನು, ವೈಫೈ ಹರಡುವುದಷ್ಟೇ ಮಾಡುವ ಆಕ್ಸೆಸ್ ಪಾಯಿಂಟ್ ಮೋಡ್‌ಗೆ ಹಾಕಿ, ಸಿಗ್ನಲ್ ಸಾಲದ ಕೋಣೆಗೆ ಕೇಬಲ್ ಎಳೆದು ಬಳಸಿಕೊಳ್ಳಬಹುದು.